ಮುಂಗೈ ಮೇಲೆ ಎದ್ದ ಗರಿಕೆ

ಕೊಡಗಿನಲ್ಲಿ ತೋಟ ಇರುವ ಮನೆ ಅಂದಮೇಲೆ ಅಂಗಳದಲ್ಲಿ ಮಳೆ ಅಳೆಯುವ ಡಬ್ಬ, ಒಳಗೆ ಒಂದು ಮಳೆ ಡೈರಿ ಇದ್ದೇ ಇರುತ್ತದೆ. ಬೆಳಗ್ಗೆ ಎದ್ದು ಮೊದಲು ಅಳತೆ ನೋಡುವುದು, ಇಂಚು ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಬರೆದಿಡುವುದು, ಆಮೇಲೆ ಕಾಫಿ. ಅದಾದ ಮೇಲೆ ಫೋನು: "ನಿಮ್ಮಲ್ಲಿ ಎಷ್ಟು?" "ನಮ್ಮಲ್ಲಿ ಎರಡು ಹತ್ತು. ಮೇಲಿನವರಿಗೆ ಮೂರು ದಾಟಿದೆಯಂತೆ."

ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಪ್ಪನ ಮಳೆ ಡೈರಿ 1981ರಿಂದ ಇದೆ. ಕಪಾಟಿನ ಕೆಳಗಿನ ಅರೆಯಲ್ಲಿ ಸಾಲಾಗಿ ನಿಂತ ಹಳೆಯ ಡೈರಿಗಳು, ಕೆಲವಕ್ಕೆ ಗೆದ್ದಲು ಮೂಲೆ ತಿಂದಿದೆ. ದಿನಕ್ಕೊಂದು ಸಾಲು. ಅಂಕಿಯ ಪಕ್ಕ ಸಣ್ಣ ಅಕ್ಷರದಲ್ಲಿ ಅವತ್ತಿನ ಸಂಗತಿ: "ಹಸು ಕರು ಹಾಕಿತು." "ಗೊಬ್ಬರ ಮುಗಿಯಿತು." "ಕರೆಂಟು ಇಲ್ಲ, ಐದನೇ ದಿನ." ಕೆಲವು ದಿನ ಬರೀ ಎರಡು ಪದ: "ರಾತ್ರಿ ದಮ್ಮು."

ಈ ಎರಡು ಪದಗಳನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಓದಿದ್ದು ಮಾತ್ರ ಎರಡು ವರ್ಷದ ಹಿಂದೆ, ಮೈಸೂರಿನ ಒಬ್ಬ ಅಲರ್ಜಿ ಡಾಕ್ಟರು "ಯಾವ ತಿಂಗಳು ಜಾಸ್ತಿ, ಬರೆದಿಟ್ಟಿದ್ದೀರಾ?" ಎಂದು ಕೇಳಿದಾಗ.

ಅಪ್ಪನಿಗೆ ಉಬ್ಬಸ, ನನಗೆ ಸೀನು. ಗಣಪತಿ ಹಬ್ಬ ಕಳೆದು, ಜೂನಿನಿಂದ ಹಿಡಿದ ಮಳೆ ಬಿಟ್ಟು, ಕಣದ ಪಾಚಿ ಒಣಗುವಷ್ಟು ಬಿಸಿಲು ಬಂತೆಂದರೆ ನನ್ನ ಕಣ್ಣು ಕೆಂಪಾಗುತ್ತಿತ್ತು, ಅಂಗುಳು ನವೆ ಹತ್ತುತ್ತಿತ್ತು. ನಾಲಿಗೆಯಿಂದ ಅಂಗುಳು ಕೆರೆದುಕೊಳ್ಳುವ ಆ ಸದ್ದು ಅವ್ವನಿಗೆ ಆಗುತ್ತಿರಲಿಲ್ಲ, "ಹೆಣ್ಣುಮಕ್ಕಳು ಹಾಗೆಲ್ಲ ಸದ್ದು ಮಾಡಬಾರದು" ಎನ್ನುತ್ತಿದ್ದಳು. ಒಂದೇ ಉಸಿರಿಗೆ ಹತ್ತು ಹನ್ನೆರಡು ಸೀನು. ಮಧ್ಯಾಹ್ನದ ಹೊತ್ತಿಗೆ ಇಳಿದು, ಮಾರನೇ ಬೆಳಗ್ಗೆ ಮತ್ತೆ. ಅಕ್ಟೋಬರಿನಲ್ಲಿ ಅತಿ ಹೆಚ್ಚು. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಇನ್ನೊಂದು ಸುತ್ತು, ಅಷ್ಟು ಜೋರಲ್ಲ.

ಇದಕ್ಕೆಲ್ಲ ಊರಿನಲ್ಲಿ ಒಂದೇ ಮಾತು: "ಹವಾ ಒಗ್ಗಲ್ಲ."

ಹೊರಗಿನಿಂದ ಬಂದ ಮೇಷ್ಟ್ರಿಗೋ ಬ್ಯಾಂಕಿನವರಿಗೋ ಈ ಮಾತು ಹೇಳಿದರೆ ತಪ್ಪಿಲ್ಲ. ಅವರು ವರ್ಗಾ ಮಾಡಿಸಿಕೊಂಡು ಹೋಗುತ್ತಾರೆ. ನಮ್ಮಪ್ಪ ಹುಟ್ಟಿದ್ದು ಇಲ್ಲಿ, ಅವರಪ್ಪ ಹುಟ್ಟಿದ್ದೂ ಇಲ್ಲಿ. ಮದುವೆ ಮನೆಗಳಲ್ಲಿ ನೆಂಟರು ಅವರ ಬೆನ್ನು ಸವರಿ "ನಿಮಗೆ ಇಲ್ಲಿಯ ಹವಾ ಒಗ್ಗಲ್ಲ, ಮಗಳ ಜೊತೆ ಹುಣಸೂರಿಗೋ ಮೈಸೂರಿಗೋ ಹೋಗಿಬಿಡಿ" ಅನ್ನುವಾಗ ಅವರು ತಲೆ ತಗ್ಗಿಸಿ ಕೂರುತ್ತಿದ್ದುದು ನನಗೆ ನೆನಪಿದೆ. ಸ್ವಂತ ಊರಿನ ಗಾಳಿಗೆ ಬೇಡವಾದವನು ತಾನು ಎಂಬಂತೆ. ಈ ಬರಹ ಬರೆಯಬೇಕೆನಿಸಿದ್ದೇ ಆ ತಗ್ಗಿದ ತಲೆಗಾಗಿ.

ಗಾಳಿಯನ್ನು ಬಿಟ್ಟರೆ ಬೈಗುಳ ತಿಂದದ್ದು ಕಾಫಿ ಹೂವು. ಹೂಮಳೆಯಾಗಿ ಒಂಬತ್ತು ಹತ್ತು ದಿನಕ್ಕೆ ತೋಟ ಬಿಳಿ ಬಟ್ಟೆ ಹೊದ್ದಂತೆ ಅರಳುತ್ತದೆ, ಆ ವಾಸನೆ ಮನೆಯೊಳಗೆ ದೇವರ ಕೋಣೆಯವರೆಗೂ ಬರುತ್ತದೆ. ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ, ಹಾಗಾಗಿ ತಪ್ಪೂ ಅದರದ್ದೇ. ಅವ್ವ ಆ ನಾಲ್ಕು ದಿನ ಕಿಟಕಿ ಮುಚ್ಚಿಸುತ್ತಿದ್ದಳು. ನಾನು ಶಾಲೆ ಟೀಚರ್ ಆದ ಮೇಲೆ ಸೀಮೆಸುಣ್ಣದ ಪುಡಿಯೂ ಆರೋಪಿಗಳ ಸಾಲಿಗೆ ಸೇರಿತು. ನಮ್ಮ ಕಾಲ ಕೆಳಗೆ, ಕಣದ ಅಂಚಿನಲ್ಲಿ, ಗದ್ದೆ ಬದುವಿನ ಮೇಲೆ, ಬಾಣೆಯ, ಅಂದರೆ ಹುಲ್ಲುಗಾವಲಿನ, ತುಂಬ ಇದ್ದ ಹುಲ್ಲಿನ ಕಡೆಗೆ ಯಾರೂ ನೋಡಲಿಲ್ಲ. ಹುಲ್ಲಿಗೂ ಹೂವಿದೆ ಎನ್ನುವುದನ್ನು ಮಕ್ಕಳಿಗೆ ಪಾಠ ಮಾಡುತ್ತಿದ್ದ ನನಗೇ ಅದು ಹೊಳೆದಿರಲಿಲ್ಲ.

ನಲವತ್ತು ದಾಟಿದ ವರ್ಷ ನನಗೂ ಎದೆಯಲ್ಲಿ ಸೀಟಿ ಹೊಡೆದಂತೆ ಸದ್ದು ಬರತೊಡಗಿತು. ಮೂಗಿನಲ್ಲಿ ಶುರುವಾದದ್ದು ಎದೆಗೆ ಇಳಿಯುವುದು ಅಪರೂಪವಲ್ಲ, ಎರಡೂ ಒಂದೇ ದಾರಿಯ ಎರಡು ತುದಿ ಎಂದು ಆಮೇಲೆ ಡಾಕ್ಟರು ಹೇಳಿದರು. ಆಗ ನನಗೆ ಕಂಡದ್ದು ಒಂದೇ: ಅಪ್ಪ ರಾತ್ರಿ ಎದ್ದು ಕೂತು, ಮಂಡಿಯ ಮೇಲೆ ಕೈಯೂರಿ ಉಸಿರಿಗಾಗಿ ಕಾಯುವ ಚಿತ್ರ. ಹೊರಟೆ.

ಮೊದಲ ಸಲ ಹೋದದ್ದು ವ್ಯರ್ಥವಾಯಿತು. ಅದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ದೂರದಿಂದ ಬಂದು ವಾಪಸಾಗುವವರು ನಾನೊಬ್ಬಳೇ ಅಲ್ಲವಂತೆ. ಅಲರ್ಜಿ ಮಾತ್ರೆ, ಅಂದರೆ ಸೆಟಿರಿಜಿನ್ ಥರದ್ದು, ಪರೀಕ್ಷೆಗೆ ಒಂದು ವಾರ ಮುಂಚೆ ನಿಲ್ಲಿಸಿ ಎಂದು ಫೋನಿನಲ್ಲೇ ಹೇಳಿದ್ದರು. ನಿಲ್ಲಿಸಿದ್ದೆ. ಆದರೆ ಎರಡು ದಿನ ಮೊದಲು ನೆಗಡಿ ತಡೆಯಲಾರದೆ ಮೆಡಿಕಲ್ಲಿನಿಂದ ಶೀತದ ಮಾತ್ರೆ ತಂದು ನುಂಗಿದ್ದೆ. ಬೆಳಗಿನ ಮೊದಲ ಬಸ್ಸು ಹಿಡಿದು ಕುಶಾಲನಗರ, ಹುಣಸೂರು ದಾಟಿ ಮೈಸೂರು ಸೇರಿದೆ. ಕೈ ಚಾಚಿದೆ. ಡಾಕ್ಟರು ಮೊದಲು ಎರಡೇ ಎರಡು ಹನಿ ಇಟ್ಟರು. ಒಂದು ಬರೀ ಉಪ್ಪುನೀರು, ಇನ್ನೊಂದು ಹಿಸ್ಟಮಿನ್, ಅಲರ್ಜಿಯಾದಾಗ ಮೈಯೊಳಗೇ ಚೆಲ್ಲಿ ಊತ ತರುವ ರಾಸಾಯನಿಕ. ಅಲರ್ಜಿ ಇರಲಿ ಬಿಡಲಿ, ಹಿಸ್ಟಮಿನ್ ಬಿದ್ದ ಜಾಗ ಯಾರಿಗಾದರೂ ಊದಿಕೊಳ್ಳಲೇಬೇಕು. ಉಪ್ಪುನೀರಿನ ಜಾಗ ಯಾರಿಗೂ ಊದಬಾರದು. ನನ್ನ ಕೈಯಲ್ಲಿ ಎರಡೂ ಒಂದೇ ಥರ ಸುಮ್ಮನಿದ್ದವು.

"ಏನಾದ್ರೂ ಮಾತ್ರೆ ತಗೊಂಡ್ರಾ ಮೇಡಂ?"

ಪರ್ಸಿನಿಂದ ಶೀತದ ಮಾತ್ರೆಯ ಸ್ಟ್ರಿಪ್ ತೆಗೆದು ಕೊಟ್ಟೆ. ಹಿಂದೆ ಸಣ್ಣಕ್ಷರದಲ್ಲಿದ್ದ ಕ್ಲೋರ್‌ಫೆನಿರಮಿನ್ ಎಂಬ ಹೆಸರಿನ ಮೇಲೆ ಅವರು ಬೆರಳಿಟ್ಟರು. ಅದೂ ಅಲರ್ಜಿ ಮಾತ್ರೆಯೇ. ಶೀತದ ಮಾತ್ರೆಗಳಲ್ಲಿ, ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿ ಅಡಗಿರುತ್ತದೆ. "ಇವತ್ತು ನಿಮ್ಮ ಚರ್ಮ ಮಾತಾಡಲ್ಲ. ಈಗ ಟೆಸ್ಟ್ ಮಾಡಿದ್ರೆ ನಿಮಗೆ ಯಾವ ಅಲರ್ಜಿನೂ ಇಲ್ಲ ಅಂತ ಬರುತ್ತೆ, ನೀವು ಖುಷಿಯಾಗಿ ಮನೆಗೆ ಹೋಗ್ತೀರಿ, ಅದು ಸುಳ್ಳು." ದುಡ್ಡು ತೆಗೆದುಕೊಳ್ಳಲಿಲ್ಲ. ತಿಂಗಳು ಬಿಟ್ಟು ಬನ್ನಿ, ಬರುವಾಗ ಯಾವ ತಿಂಗಳು, ಯಾವ ಹೊತ್ತು, ಎಲ್ಲಿದ್ದಾಗ ಜಾಸ್ತಿ ಅನ್ನುವುದನ್ನು ಬರೆದುಕೊಂಡು ಬನ್ನಿ ಎಂದರು. ವಾಪಸ್ ಬಸ್ಸಿನಲ್ಲಿ, ಪಿರಿಯಾಪಟ್ಟಣದ ಹತ್ತಿರ ಎಲ್ಲೋ, ಅಪ್ಪನ ಡೈರಿ ನೆನಪಾಯಿತು.

ಆ ಶನಿವಾರ ಭಾನುವಾರ ನಾನು ಅಪ್ಪ ನೆಲದ ಮೇಲೆ ಚಾಪೆ ಹಾಸಿ ಡೈರಿಗಳನ್ನು ಹರಡಿಕೊಂಡು ಕೂತೆವು. ನಾನು "ದಮ್ಮು" ಎಂದಿರುವ ದಿನಗಳನ್ನು ಓದುವುದು, ಅಪ್ಪ ಹಳೆಯ ಲೆಕ್ಕದ ಪುಸ್ತಕದಲ್ಲಿ ತಿಂಗಳವಾರು ಗೀಟು ಹಾಕುವುದು. ಜೂನ್, ಜುಲೈ, ಆಗಸ್ಟ್: ಮಳೆ ನೂರಾರು ಸೆಂಟು, ಗೀಟು ಅಲ್ಲೊಂದು ಇಲ್ಲೊಂದು. ಸೆಪ್ಟೆಂಬರ್ ಕೊನೆಯಿಂದ ಗೀಟುಗಳು ದಟ್ಟ. ಅಕ್ಟೋಬರಿನಲ್ಲಿ ಪುಟ ಕಪ್ಪಾಯಿತು. ಡಿಸೆಂಬರ್ ಅರ್ಧಕ್ಕೆ ಮತ್ತೆ ಖಾಲಿ. ಎಲ್ಲರೂ ಹೇಳುತ್ತಿದ್ದ ಹಾಗೆ ಮಳೆ, ಥಂಡಿ, ಮಂಜು ಕಾರಣವಾಗಿದ್ದರೆ ಜುಲೈ ಪುಟ ಕಪ್ಪಾಗಬೇಕಿತ್ತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಆ ಪುಟವನ್ನು ಬಹಳ ಹೊತ್ತು ನೋಡಿದರು. "ನಲವತ್ತು ವರ್ಷ ನಾನೇ ಬರೆದಿದ್ದೀನಿ ಮಗಾ, ನೋಡೇ ಇಲ್ಲ ನೋಡು" ಎಂದರು.

ಎರಡನೇ ಸಲ ಅಪ್ಪನೂ ಬಂದರು.

ಡಾಕ್ಟರು ಮೊದಲು ಉಸಿರು ಊದಿಸಿ ನೋಡುವ ಪರೀಕ್ಷೆ ಮಾಡಿಸಿದರು. ಉಬ್ಬಸ ಜೋರಾಗಿರುವಾಗ ಚರ್ಮದ ಪರೀಕ್ಷೆ ಮಾಡುವುದಿಲ್ಲ. ಪೆನ್ನಿನ ಹಿಂತುದಿಯಿಂದ ಕೈ ಮೇಲೆ ಮೆಲ್ಲಗೆ ಒಂದು ಗೆರೆ ಎಳೆದು ಕಾದರು. ಕೆಲವರ ಚರ್ಮ ಬರೀ ಗೀರಿದರೂ ಊದುತ್ತದೆ, ಅಂಥವರಲ್ಲಿ ಈ ಪರೀಕ್ಷೆ ನಂಬುವಂತಿಲ್ಲ. ಟ್ರೇಯಲ್ಲಿ, ಅಕಸ್ಮಾತ್ ಜೋರು ರಿಯಾಕ್ಷನ್ ಆದರೆ ಕೊಡಲೆಂದು, ಅಡ್ರಿನಲಿನ್ ಇಂಜೆಕ್ಷನ್ ತಯಾರಿತ್ತು. ಅದು ಬೇಕಾಗುವುದು ತೀರಾ ಅಪರೂಪ, ಆದರೆ ಅದಿಲ್ಲದ ಜಾಗದಲ್ಲಿ ಈ ಪರೀಕ್ಷೆ ಮಾಡಿಸಿಕೊಳ್ಳಬಾರದು.

ಆಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಸಾಲು, ಪೆನ್ನಿನಲ್ಲಿ ನಂಬರು ಹಾಕಿದರು. ಎರಡು ನಂಬರಿನ ನಡುವೆ ಎರಡು ಸೆಂಟಿಮೀಟರ್ ಜಾಗ, ಒಂದರ ಊತ ಇನ್ನೊಂದಕ್ಕೆ ಸೇರಬಾರದೆಂದು. ಎರಡು ಕೈ ಸೇರಿ ಇಪ್ಪತ್ತೆರಡು ನಂಬರು. ಮರದ ಪೆಟ್ಟಿಗೆಯಿಂದ ಒಂದೊಂದೇ ಸಣ್ಣ ಸೀಸೆ ತೆಗೆದು ನಂಬರಿನ ಪಕ್ಕ ಒಂದೊಂದು ಹನಿ. ಮನೆ ಧೂಳಿನ ನುಸಿ, ಜಿರಲೆ, ಬೂಷ್ಟು, ಕಾಂಗ್ರೆಸ್ ಗಿಡ, ಜೋಳದ ಪರಾಗ, ಸಜ್ಜೆಯದು, ಗರಿಕೆಯದು. ಹನಿಯ ಮೂಲಕ ಲ್ಯಾನ್ಸೆಟ್ಟು ಎಂಬ ಪುಟ್ಟ ಸೂಜಿಯ ತುದಿ ಒತ್ತಿ ತೆಗೆಯುವುದು, ಪ್ರತಿ ಹನಿಗೂ ಹೊಸ ಲ್ಯಾನ್ಸೆಟ್ಟು. ಒಂದು ಮಿಲಿಮೀಟರ್ ಆಳ, ರಕ್ತ ಬರುವುದಿಲ್ಲ. ಕಾಫಿ ಕೊಯ್ಯುವಾಗ ಕೆಂಜಿರುವೆ ಕಚ್ಚಿದಷ್ಟೂ ನೋವಿಲ್ಲ. ಹನಿಗಳನ್ನು ಟಿಶ್ಯೂ ಒತ್ತಿ ತೆಗೆದರು. ಗೋಡೆ ಗಡಿಯಾರ ನೋಡಿ "ಹದಿನೈದು ನಿಮಿಷ. ಕೆರ್ಕೋಬಾರ್ದು" ಎಂದರು.

ಆ ಹದಿನೈದು ನಿಮಿಷದ ಬಗ್ಗೆ ಹೇಳಬೇಕು. ಐದನೇ ನಿಮಿಷಕ್ಕೆ ಹಿಸ್ಟಮಿನ್ ಜಾಗ ಗುಳ್ಳೆ ಎದ್ದಿತು, ಸುತ್ತ ಕೆಂಪು. ಸಮಾಧಾನವಾಯಿತು, ಈ ಸಲ ಚರ್ಮ ಮಾತಾಡುತ್ತಿದೆ. ಆಮೇಲೆ ಎಡಗೈಯ 9ನೇ ನಂಬರು ಶುರುವಾಯಿತು. ಮೊದಲು ನವೆ, ಬಿಸಿ ಎಣ್ಣೆಯ ಹನಿ ಸಿಡಿದ ಹಾಗೆ. ನೋಡುತ್ತಿದ್ದಂತೆ ನಡುವೆ ಬಿಳಿಚಿಕೊಂಡ ಗಂಧೆ, ಪಿತ್ತದ ಗಂಧೆ ಎದ್ದಂತೆಯೇ, ಅಂಚು ನೇರವಾಗಿಲ್ಲ, ಒಂದು ಕಡೆ ಕಾಲು ಚಾಚಿದಂತೆ ಉದ್ದ. ಸುತ್ತ ನಾಲ್ಕಾಣೆ ಅಗಲಕ್ಕೆ ಕೆಂಪು ಹರಡಿತು. ಬಲಗೈಯಲ್ಲಿ ಇನ್ನೊಂದೆರಡು ಸಣ್ಣಗೆ ಎದ್ದವು. ಉಳಿದವು ಚುಚ್ಚಿದ ಗುರುತೂ ಇಲ್ಲದಂತೆ ಮಾಯ. ಅಪ್ಪ ಕುರ್ಚಿ ಎಳೆದುಕೊಂಡು ಬಂದು ಬಗ್ಗಿ ನೋಡುತ್ತಿದ್ದರು. "ಒಂಬತ್ತು ಯಾವ್ದು ಡಾಕ್ಟ್ರೇ?"

"ಗರಿಕೆ, ಯಜಮಾನ್ರೇ."

ಅಪ್ಪ ಕುರ್ಚಿಗೆ ಒರಗಿದರು. ನಾನು ನಂಬಲಾರದೆ ಇನ್ನೊಮ್ಮೆ ಕೇಳಿದೆ. ವಾರದ ಹಿಂದಷ್ಟೇ ಹಬ್ಬಕ್ಕೆ ಕಣದ ಅಂಚಿನಿಂದ ಇಪ್ಪತ್ತೊಂದು ಗರಿಕೆ ಕಿತ್ತು ಗಣಪತಿಗೆ ಏರಿಸಿದ್ದ ಕೈ ಅದು.

ಡಾಕ್ಟರು ಊದಿದ ಅಂಚಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದರು, ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿ ಕಿತ್ತರು, ಇಂಕಿನ ಗೆರೆ ಟೇಪಿಗೆ ಬಂತು. ಅದನ್ನು ಕಾಗದದ ಮೇಲೆ ಅಂಟಿಸಿ ಸ್ಕೇಲಿಟ್ಟು ಅಳೆದರು. ಉದ್ದ, ಅದಕ್ಕೆ ಅಡ್ಡವಾಗಿ ಅಗಲ, ಎರಡರ ಸರಾಸರಿ. ಗರಿಕೆ 9 ಮಿಲಿಮೀಟರ್, ಹಿಸ್ಟಮಿನ್ 6, ಧೂಳಿನ ನುಸಿ 4, ಉಪ್ಪುನೀರು ಸೊನ್ನೆ. ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರ್ ಹೆಚ್ಚಿದ್ದರೆ ಪಾಸಿಟಿವ್ ಎಂದು ಲೆಕ್ಕ.

ಚರ್ಮದಲ್ಲಿ ಏನು ನಡೆಯುತ್ತದೆ ಎನ್ನುವುದು ಕೇಳಿದರೆ ಸರಳ. ಗರಿಕೆಯ ಪರಾಗದಲ್ಲಿರುವ ಪ್ರೋಟೀನನ್ನು ನನ್ನ ದೇಹ ಯಾವತ್ತೋ ಶತ್ರು ಎಂದು ಬಗೆದು, ಅದನ್ನೇ ಗುರುತು ಹಿಡಿಯಲು ಐಜಿಇ ಎಂಬ ಪ್ರತಿಕಾಯ ತಯಾರಿಸಿಟ್ಟಿದೆ. ಈ ಐಜಿಇ ಚರ್ಮದ, ಮೂಗಿನ, ಶ್ವಾಸನಾಳದ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡು ಕಾದಿರುತ್ತದೆ. ಗರಿಕೆಯ ಹನಿ ಬಂದು ತಾಗಿದ ಕೂಡಲೇ ಆ ಕೋಶ ಹೊಟ್ಟೆಯಲ್ಲಿಟ್ಟುಕೊಂಡ ಹಿಸ್ಟಮಿನ್ನೆಲ್ಲ ಹೊರಗೆ ಚೆಲ್ಲುತ್ತದೆ. ರಕ್ತನಾಳ ಸಡಿಲವಾಗಿ ನೀರು ಜಿನುಗಿ ಊತ. ಮೂಗಿನಲ್ಲಿ ನಡೆದರೆ ಸೀನು, ಎದೆಯಲ್ಲಿ ನಡೆದರೆ ದಮ್ಮು, ಮುಂಗೈಯಲ್ಲಿ ನಡೆದರೆ ಗಂಧೆ. ಅಪ್ಪನ ಎದೆಯೊಳಗೆ ನಲವತ್ತು ವರ್ಷ ಕಾಣದೆ ನಡೆದದ್ದನ್ನು ನನ್ನ ಕೈ ಮೇಲೆ ಹದಿನೈದು ನಿಮಿಷದಲ್ಲಿ ಕಂಡೆ ಎಂದೇ ನನಗೆ ಅನಿಸಿತು.

ಈ ಪರೀಕ್ಷೆಯ ಮೂಲ ಹುಡುಕಿಕೊಂಡು ಹೋದಾಗ ಸಿಕ್ಕವನು ಚಾರ್ಲ್ಸ್ ಬ್ಲ್ಯಾಕ್ಲಿ, ಮ್ಯಾಂಚೆಸ್ಟರಿನ ಡಾಕ್ಟರು. ಅವನಿಗೂ ಇದೇ ಕಾಯಿಲೆ. ಅವನಿಗಿಂತ ಮುಂಚೆ 1819ರಲ್ಲಿ ಜಾನ್ ಬೋಸ್ಟಾಕ್ ಎಂಬ ಇನ್ನೊಬ್ಬ ಡಾಕ್ಟರು ತನ್ನದೇ ಸೀನು, ಕಣ್ಣುರಿಯನ್ನು ಬರೆದಿಟ್ಟು, ಅದಕ್ಕೆ ಬೇಸಿಗೆಯ ಸೆಕೆಯೇ ಕಾರಣ ಎಂದುಕೊಂಡಿದ್ದ. ಅಂದರೆ ಅಲ್ಲಿಯೂ ಮೊದಲು ಬೈಸಿಕೊಂಡದ್ದು ಹವಾ. ಬ್ಲ್ಯಾಕ್ಲಿ ಹಾಗೆ ಬಿಡಲಿಲ್ಲ. ಒಂದೊಂದೇ ಅನುಮಾನವನ್ನು ತನ್ನ ಮೈಮೇಲೆ ಪ್ರಯೋಗ ಮಾಡಿ ನೋಡಿದ. ಚರ್ಮ ಗೀರಿ ಹುಲ್ಲಿನ ಪರಾಗ ಹಚ್ಚಿದ, ಇನ್ನೊಂದು ಕಡೆ ಬರೀ ಗೀರಿ ಬಿಟ್ಟ. ಹಚ್ಚಿದ ಕಡೆ ಊದಿತು. ಗಾಳಿಪಟಕ್ಕೆ ಅಂಟು ಬಳಿದ ಗಾಜು ಕಟ್ಟಿ ಹಾರಿಸಿ, ಮೇಲಿನ ಗಾಳಿಯಲ್ಲೂ ಪರಾಗ ಇದೆ ಎಂದು ತೋರಿಸಿದ. 1873ರಲ್ಲಿ ಪುಸ್ತಕ ಬರೆದ. ಅಲರ್ಜಿ ಎಂಬ ಪದವೇ ಆಗ ಹುಟ್ಟಿರಲಿಲ್ಲ, ಅದು ಬಂದದ್ದು 1906ರಲ್ಲಿ. ಡಾಕ್ಟರು ನನ್ನ ಕೈಯಲ್ಲಿ ಉಪ್ಪುನೀರಿನ ಹನಿ ಇಟ್ಟದ್ದು ಬ್ಲ್ಯಾಕ್ಲಿ ಬರೀ ಗೀರಿ ಬಿಟ್ಟ ಚರ್ಮದ ಲೆಕ್ಕವೇ. ತಾನೇ ನರಳುತ್ತಿದ್ದವನು ಕಂಡುಹಿಡಿದ ಪರೀಕ್ಷೆ ಇದು ಎನ್ನುವುದರಲ್ಲಿ ನನಗೆ ಏನೋ ಒಂದು ಧೈರ್ಯ ಸಿಗುತ್ತದೆ.

ಕೈ ಮೇಲೆ ಗುಳ್ಳೆ ಎದ್ದಿತು, ಅಲರ್ಜಿ ಸಿಕ್ಕಿತು, ಮುಗಿಯಿತು ಎಂದುಕೊಂಡಿದ್ದೆ. ಡಾಕ್ಟರು ಅಲ್ಲಿಗೆ ಬಿಡಲಿಲ್ಲ. ಗುಳ್ಳೆ ಎದ್ದರೆ ದೇಹ ಅದನ್ನು ಗುರುತಿಸುತ್ತದೆ ಎಂದಷ್ಟೇ ಅರ್ಥ, ಕಾಯಿಲೆ ಅದರಿಂದಲೇ ಎಂದಲ್ಲ. ಚೆನ್ನಾಗಿರುವ ಎಷ್ಟೋ ಜನರ ಕೈಯಲ್ಲೂ ಒಂದೆರಡು ಗುಳ್ಳೆ ಏಳುತ್ತವೆ. ಏನು ಎದ್ದಿತು ಎನ್ನುವುದಕ್ಕೂ ಯಾವಾಗ ನರಳುತ್ತೀರಿ ಎನ್ನುವುದಕ್ಕೂ ತಾಳೆಯಾಗಬೇಕು. ಆಗ ನಾವು ಲೆಕ್ಕದ ಪುಸ್ತಕದ ಗೀಟುಗಳನ್ನು ತೋರಿಸಿದೆವು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಧೂಳಿನ ನುಸಿಯಿಂದ ಆಗಿದ್ದರೆ ಮಳೆಗಾಲದಲ್ಲಿ, ಮನೆಯೊಳಗೆ, ಮುಗ್ಗಲು ಹಿಡಿದ ಕಂಬಳಿ ಹೊದ್ದಾಗ ಜಾಸ್ತಿಯಾಗಬೇಕು. ನಮ್ಮದು ಮಳೆ ಬಿಟ್ಟ ಮೇಲೆ, ಹೊರಗೆ, ಬೆಳಗಿನ ಬಿಸಿಲಿಗೆ. ಹುಲ್ಲು ಹೂ ಬಿಡುವ ಹೊತ್ತು ಅದು. 9 ಮಿಲಿಮೀಟರಿಗೂ ಅಕ್ಟೋಬರಿನ ಕಪ್ಪು ಪುಟಕ್ಕೂ ತಾಳೆಯಾಯಿತು. ಇಂಚು ಸೆಂಟಿನ ಆ ಡೈರಿ ಇಲ್ಲದಿದ್ದರೆ ಆ ಗುಳ್ಳೆಗೆ ಅರ್ಧ ಅರ್ಥವೂ ಇರುತ್ತಿರಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಎಲ್ಲೋ ರಕ್ತ ಕೊಟ್ಟು ನೂರು ಪದಾರ್ಥಗಳ ಒಂದು ದೊಡ್ಡ ಪಟ್ಟಿ ತಂದಿದ್ದರು. ಅಕ್ಕಿ, ಹಾಲು, ತೆಂಗಿನಕಾಯಿ, ಕಡಲೆಕಾಯಿ ಎಲ್ಲದರ ಎದುರು ಕೆಂಪು ಗುರುತು. ವರ್ಷವಿಡೀ ಮಜ್ಜಿಗೆಯನ್ನೂ ಬಿಟ್ಟು ಸೊರಗಿದರು, ಸೀನು ಮಾತ್ರ ನಿಲ್ಲಲಿಲ್ಲ. ಐಜಿಜಿ ಎಂಬ ಬೇರೆ ಪ್ರತಿಕಾಯ ಅಳೆಯುವ ಇಂಥ ಪಟ್ಟಿಗಳಿಂದ ಆಹಾರದ ಅಲರ್ಜಿ ಗೊತ್ತಾಗುವುದಿಲ್ಲ ಎಂದು ಅಲರ್ಜಿ ತಜ್ಞರು ಸ್ಪಷ್ಟವಾಗಿಯೇ ಹೇಳುತ್ತಾರೆ. ಆ ಸಹೋದ್ಯೋಗಿಯ ಊಟ ಕಿತ್ತುಕೊಂಡ ಆ ಕಾಗದ ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತದೆ.

ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನಲ್ಲಿ ಈ ಕಾಯಿಲೆಗೆ ತಿಮೋತಿ, ರೈ ಎಂಬ ಹುಲ್ಲುಗಳ ಹನಿ ಇಡುತ್ತಾರೆ. ಅವು ಚಳಿ ದೇಶದ ಹುಲ್ಲು. ನಮ್ಮ ಗರಿಕೆ ಹುಲ್ಲಿನ ವಂಶದಲ್ಲೇ ಬೇರೆ ಕವಲು. ತಿಮೋತಿಯಲ್ಲಿರುವ ಒಂದು ಮುಖ್ಯ ಅಲರ್ಜಿ ಪ್ರೋಟೀನು ಗರಿಕೆಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ತಿಮೋತಿಗೆ ಏಳದ ಕೈ ಗರಿಕೆಗೆ ಏಳಬಹುದು. ಊರಿನ ಹುಲ್ಲು ಪೆಟ್ಟಿಗೆಯಲ್ಲಿ ಇರಬೇಕು. ಆ ಮರದ ಪೆಟ್ಟಿಗೆಯಲ್ಲಿ ಗರಿಕೆ ಇತ್ತು, ಪುಣ್ಯ. ಬಾಣೆಯ ಮುಳಿಹುಲ್ಲು ಇರಲಿಲ್ಲ, ಕೋಟೆಬೆಟ್ಟದ ನೆತ್ತಿಯಲ್ಲಿ ಅಲೆಯಂತೆ ತೂಗುವ ಹುಲ್ಲು ಇರಲಿಲ್ಲ, ಬಿದಿರೂ ಇರಲಿಲ್ಲ. ಭತ್ತವೂ ಹುಲ್ಲೇ, ಬಿದಿರೂ ಹುಲ್ಲೇ, ರಾಗಿ ಕಬ್ಬು ಎಲ್ಲ ಅದೇ ವಂಶ. ಇಂಥ ಹುಲ್ಲಿನ ನಾಡಿನಲ್ಲಿ ನಾವು ಮಳೆಯನ್ನು ಸೆಂಟು ಬಿಡದೆ ಅಳೆಯುತ್ತೇವೆ. ದಿನದಿನದ ಪರಾಗವನ್ನೂ ಹಾಗೇ ಅಳೆದು, ಮಳೆ ವರದಿಯ ಪಕ್ಕದಲ್ಲೇ ಪತ್ರಿಕೆಯಲ್ಲಿ ಹಾಕಿದರೆ ಎಷ್ಟು ಅಪ್ಪಂದಿರು ರಾತ್ರಿ ನಿದ್ದೆ ಮಾಡುತ್ತಾರೋ ಎಂದು ನನಗೆ ನಿಜವಾಗಿ ಅನಿಸುತ್ತದೆ.

ಮನೆಗೆ ಬಂದ ಮೇಲೆ ಶಾಲೆಯ ಲ್ಯಾಬಿನಿಂದ ಭೂತಗನ್ನಡಿ ತಂದು ಬೆಳಗ್ಗೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕಣದ ಅಂಚಿಗೆ ಹೋದೆ. ಗರಿಕೆಯ ಹೂವನ್ನು ನೀವೂ ನೋಡಿರುತ್ತೀರಿ, ಹೂವೆಂದು ತಿಳಿದಿರುವುದಿಲ್ಲ. ಸಣ್ಣ ಕಡ್ಡಿಯ ತುದಿಯಲ್ಲಿ ನಾಲ್ಕೈದು ಬೆರಳು ಬಿಡಿಸಿದ ಕೈಯಂತೆ ಇರುತ್ತದೆ. ಕನ್ನಡಿ ಹಿಡಿದರೆ ಪ್ರತಿ ಬೆರಳಿನ ಉದ್ದಕ್ಕೂ ನೇರಳೆ ಬಣ್ಣದ ಗರಿಗಳು, ಅವುಗಳ ನಡುವೆ ನೂಲಿನಂಥ ಎಳೆಗೆ ಜೋತುಬಿದ್ದ ಪರಾಗದ ಚೀಲಗಳು, ಒಂದೊಂದು ಹೂವಿಗೆ ಮೂರು. ಬೆರಳಿನಿಂದ ತಟ್ಟಿದೆ. ಮಂಜಿನ ಎಳೆ ಬಿಚ್ಚಿದಂತೆ ತೆಳ್ಳಗೆ ಏನೋ ಹಾರಿತು, ಬಿಸಿಲಿಗೆ ಅಡ್ಡ ಬಂದ ಕ್ಷಣಕ್ಕೆ ಮಾತ್ರ ಕಂಡಿತು. ಒಂದು ಮಿಲಿಮೀಟರಿನಲ್ಲಿ 30 ಕಾಳು ಸಾಲಾಗಿ ನಿಲ್ಲುವಷ್ಟು ಸಣ್ಣ. ಕಾಫಿ ಹೂವು ಜೇನುಹುಳವನ್ನು ಕರೆಯಲೆಂದು ಬಣ್ಣ, ವಾಸನೆ ಎಲ್ಲ ಇಟ್ಟುಕೊಂಡಿದೆ. ಹುಲ್ಲಿಗೆ ಯಾರನ್ನೂ ಕರೆಯಬೇಕಿಲ್ಲ, ಗಾಳಿ ಸಾಕು. ಆದ್ದರಿಂದ ಬಣ್ಣವಿಲ್ಲ, ವಾಸನೆಯಿಲ್ಲ, ಪರಾಗ ಮಾತ್ರ ಲೆಕ್ಕವಿಲ್ಲದಷ್ಟು. ಹೂಮಳೆ ಬಿದ್ದಾಗ ಕಾಫಿಯ ಜೊತೆಗೆ ಹುಲ್ಲೂ ಚಿಗುರಿ ಹೂ ಬಿಡುತ್ತದೆ. ಮೊದಲೇ ಕೆರಳಿದ ಮೂಗಿಗೆ ಕಾಫಿಯ ಘಮ ಸಾಕಾಗಿ ಸೀನು ಬರುತ್ತಿತ್ತು, ನಾವು ಕಿಟಕಿ ಮುಚ್ಚಿ ಕಾಫಿಯನ್ನು ಬೈದೆವು.

ಅವ್ವನಿಗೆ ಚಿಂತೆ ಹಬ್ಬದ್ದು, ದೇವರಿಗೆ ಗರಿಕೆ ಏರಿಸಬೇಕಲ್ಲ ಎಂದು. ಗಣಪತಿಗೆ ಬೇಕಾದದ್ದು ಮೂರೆಸಳಿನ ಎಳೆ ಕುಡಿ, ಹೂ ಬಿಡದ್ದು. ಪರಾಗ ಇರುವುದು ಹೂವಿನಲ್ಲಿ. ನಮ್ಮ ಹಿರಿಯರು ಆರಿಸಿ ಕೀಳುತ್ತಿದ್ದ ಆ ಕುಡಿಯನ್ನೇ ನಾನು ಈಗಲೂ ಕೀಳುತ್ತೇನೆ.

ಅಪ್ಪನ ಕೈಗೆ ಚುಚ್ಚಲಿಲ್ಲ. ಅವರು ಬಿಪಿಗೆ ತೆಗೆದುಕೊಳ್ಳುತ್ತಿದ್ದದ್ದು ಬೀಟಾ ಬ್ಲಾಕರ್ ಜಾತಿಯ ಮಾತ್ರೆ. ಅಕಸ್ಮಾತ್ ಜೋರು ರಿಯಾಕ್ಷನ್ ಆದರೆ ಅಂಥವರಿಗೆ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೇಲಾಗಿ ಆ ಮಾತ್ರೆಯೇ ಕೆಲವರಲ್ಲಿ ಉಬ್ಬಸ ಹೆಚ್ಚಿಸುತ್ತದೆ. ಅದನ್ನು ತಾವಾಗಿ ನಿಲ್ಲಿಸಬೇಡಿ ಎಂದು ಹೇಳಿ, ಹೃದಯದ ಡಾಕ್ಟರಿಗೆ ಚೀಟಿ ಬರೆದು ಕೊಟ್ಟು ಬೇರೆ ಮಾತ್ರೆಗೆ ಬದಲಾಯಿಸಿದರು. ಅಪ್ಪನ ರಕ್ತ ತೆಗೆದು ಅದರಲ್ಲೇ ಗರಿಕೆಯ ಐಜಿಇ ಅಳೆಸಿದರು. ವಾರದ ಮೇಲೆ ವರದಿ ಬಂತು. ನನ್ನದಕ್ಕಿಂತ ಜೋರು.

ಅಪ್ಪನ ಡೈರಿಯಲ್ಲಿ ಇನ್ನೊಂದು ಸಂಗತಿ ಇತ್ತು. ತುಲಾ ಮಾಸದ ಸಂಜೆ ಗುಡುಗು ಮಳೆ ಬಂದ ದಿನಗಳಲ್ಲೇ ದಮ್ಮು ಅತಿ ಹೆಚ್ಚು. ಮಳೆ ಬಂದರೆ ಪರಾಗ ತೊಳೆದುಹೋಗಬೇಕಲ್ಲ? ಡಾಕ್ಟರು ಮೆಲ್ಬರ್ನ್ ವಿಷಯ ಹೇಳಿದರು. 2016ರ ನವೆಂಬರ್ 21ರ ಸಂಜೆ ಅಲ್ಲಿ ಗುಡುಗು ಮಳೆಯ ಹಿಂದೆಯೇ ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ರೈ ಹುಲ್ಲಿನ ಪರಾಗ ತೇವಕ್ಕೆ ಒಡೆದು, ಒಳಗಿನ ಪಿಷ್ಟದ ಕಣಗಳು ಚೂರಾಗಿ ಗಾಳಿಗೆ ಬಂದಿದ್ದವು. ಇಡೀ ಪರಾಗವಾದರೆ ಮೂಗಿನಲ್ಲೇ ತಡೆಯುತ್ತದೆ, ಚೂರು ನೇರ ಎದೆಗೆ ಇಳಿಯುತ್ತದೆ. ಅವತ್ತಿನಿಂದ ಅಕ್ಟೋಬರ್ ಸಂಜೆ ಗುಡುಗು ಕೇಳಿಸಿದರೆ ನಮ್ಮ ಮನೆಯಲ್ಲಿ ಕಿಟಕಿ ಮುಚ್ಚುತ್ತೇವೆ, ಅಪ್ಪ ಒಳಗೆ ಬರುತ್ತಾರೆ.

ಅಪ್ಪ ಇನ್‌ಹೇಲರ್ ಬಗ್ಗೆ ಹೆದರಿದ್ದು ಎಷ್ಟು ವರ್ಷ! "ಅದು ಹಿಡಿದರೆ ಬಿಡಕ್ಕಾಗಲ್ಲ, ಕೊನೇ ಸ್ಟೇಜಿನವರಿಗೆ ಕೊಡೋದು." ಡಾಕ್ಟರು ಸ್ಪೇಸರ್ ಎಂಬ ಕೊಳವೆ ಹಾಕಿ ಹೇಗೆ ಎಳೆದುಕೊಳ್ಳಬೇಕೆಂದು ಮೂರು ಸಲ ತೋರಿಸಿದರು. ಮಾತ್ರೆ ಮೈಯೆಲ್ಲ ಸುತ್ತಿ ಎದೆಗೆ ಬರುತ್ತದೆ, ಇದು ನೇರ ಎದೆಗೆ, ಅದಕ್ಕೇ ಪ್ರಮಾಣ ತೀರಾ ಕಡಿಮೆ ಎಂದರು. ಮುಗಿದ ಮೇಲೆ ಬಾಯಿ ಮುಕ್ಕಳಿಸಬೇಕು. ನನಗೆ ಮೂಗಿನ ಸ್ಪ್ರೇ, ಹುಲ್ಲು ಹೂ ಬಿಡುವ ಎರಡು ವಾರ ಮೊದಲೇ ಶುರು ಮಾಡಬೇಕಾದದ್ದು. ಜೊತೆಗೆ ನಾಲಿಗೆಯ ಕೆಳಗೆ ಗರಿಕೆಯದೇ ಹನಿ, ದಿನವೂ, ಕನಿಷ್ಠ ಮೂರು ವರ್ಷ. ಶತ್ರುವನ್ನೇ ಚೂರುಚೂರು ರುಚಿ ತೋರಿಸಿ ದೇಹಕ್ಕೆ ಒಗ್ಗಿಸುವುದು. ಲಂಡನ್ನಿನಲ್ಲಿ ಲಿಯೊನಾರ್ಡ್ ನೂನ್ ಎಂಬಾತ 1911ರಲ್ಲಿ ಹುಲ್ಲಿನ ಪರಾಗದ ಇಂಜೆಕ್ಷನ್ ಕೊಟ್ಟು ಶುರು ಮಾಡಿದ ದಾರಿ ಅದು. ನನ್ನದು ಈಗ ಎರಡನೇ ವರ್ಷ. ಸೀನು ಪೂರ್ತಿ ನಿಂತಿಲ್ಲ. ಹನ್ನೆರಡು ಇದ್ದದ್ದು ಮೂರು ನಾಲ್ಕಕ್ಕೆ ಬಂದಿದೆ, ಅಂಗುಳಿನ ನವೆ ಹೋಗಿದೆ.

ಬಾಣೆ ಹುಲ್ಲನ್ನು, ಕಣದ ಅಂಚನ್ನು ಈಗ ಹೂ ಬಿಡುವ ಮೊದಲೇ ಹೊಡೆಸುತ್ತೇವೆ. ಮೊದಲು ಅಕ್ಟೋಬರಿನಲ್ಲಿ, ಕಾಫಿ ಕೊಯ್ಲಿನ ತಯಾರಿಗೆ, ಹೂ ತುಂಬಿದ ಹುಲ್ಲಿಗೆ ಮೆಷಿನ್ ಹಾಕಿಸಿ ಅಪ್ಪ ಪಕ್ಕದಲ್ಲೇ ನಿಂತಿರುತ್ತಿದ್ದರು. ಹೊಡೆಯುವ ಹುಡುಗರಿಗೂ ಮಾಸ್ಕ್ ಕೊಡುತ್ತೇವೆ, ಅವರಲ್ಲೊಬ್ಬನಿಗೆ ಕಣ್ಣು ಕೆಂಪಾಗುವುದನ್ನು ಈಗ ಗಮನಿಸುತ್ತಿದ್ದೇನೆ. ಪಕ್ಕದವರ ಬದುವಿನ ಹುಲ್ಲು ಹಾಗೇ ಇದೆ, ಗಾಳಿಗೆ ಬೇಲಿ ಇಲ್ಲ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಗದ್ದೆಗೆ ಇಳಿದು ಕದಿರು ಕೊಯ್ಯುವುದನ್ನು ಅಪ್ಪ ಬಿಟ್ಟು ಹನ್ನೊಂದು ವರ್ಷವಾಗಿತ್ತು. ರಾತ್ರಿಯ ಇಬ್ಬನಿ, ಬದುವಿನ ಹುಲ್ಲು, ಒಣ ಪೈರಿನ ಧೂಳು ಎಂದು ಹೆದರಿ ಜಗಲಿಯಲ್ಲೇ ಕೂತು, ಚಿಕ್ಕಪ್ಪ ಕದಿರು ತರುವುದನ್ನು ಕಾಯುತ್ತಿದ್ದರು. ಕಳೆದ ಹುತ್ತರಿಯಲ್ಲಿ ಸಂಜೆಯೇ ಇನ್‌ಹೇಲರ್ ಎಳೆದುಕೊಂಡು, ಬಾಯಿ ಮುಕ್ಕಳಿಸಿ, ಶಾಲು ಹೊದ್ದು ಹೊರಟರು. ಕುಡುಗೋಲು ಅವರ ಕೈಗೇ ಕೊಟ್ಟೆವು. ಕೋವಿಯ ಸದ್ದು ಬೆಟ್ಟಕ್ಕೆ ಬಡಿದು ವಾಪಸ್ ಬಂತು. "ಪೊಲಿ ಪೊಲಿ ದೇವಾ" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಅವರೇ, ಕೂಗಿ ಸ್ವಲ್ಪ ಕೆಮ್ಮಿದರು, ನಿಂತು ಸುಧಾರಿಸಿಕೊಂಡರು, ಕದಿರನ್ನು ಹೆಗಲಿಗೇರಿಸಿ ಬದುವಿನ ಮೇಲೆ ಮುಂದೆ ನಡೆದರು.

ಮಾರನೇ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವರು ಮಳೆ ಡಬ್ಬ ನೋಡಿ ಬಂದು ಬರೆದಾಗಿತ್ತು. "0.00. ಹುತ್ತರಿ. ಗದ್ದೆಗೆ ಹೋಗಿದ್ದೆ. ರಾತ್ರಿ ನಿದ್ದೆ."